ಹೋಸ್ಟಿಂಗ್ ಆಯ್ಕೆ: 99.9% ಅಪ್‌ಟೈಮ್ ಎಂಬ ಭರವಸೆಯನ್ನು ಎಷ್ಟು ನಂಬಬಹುದು?

ಪುಸ್ತಕಪ್ರಿಯ, ಧಾರವಾಡ

ಮಾನ್ಯರೇ, ನಮ್ಮದು ಕನ್ನಡ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಪ್ರಕಾಶನ. ನವೆಂಬರ್‌ನ ರಾಜ್ಯೋತ್ಸವ ರಿಯಾಯಿತಿಯ ವೇಳೆ ಓದುಗರು ಒಮ್ಮೆಗೇ ನುಗ್ಗುತ್ತಾರೆ. ಕಳೆದ ಬಾರಿ ಆ ಹೊತ್ತಿಗೇ ಸೈಟ್ ಕೈಕೊಟ್ಟು, ‘508’ ಎಂಬ ದೋಷಸಂದೇಶ ಕಾಣಿಸತೊಡಗಿತು. ಹೋಸ್ಟಿಂಗ್ ಕಂಪನಿಯನ್ನು ಬದಲಿಸೋಣವೆಂದರೆ ಬಹುತೇಕ ಎಲ್ಲರೂ 99.9% ಅಪ್‌ಟೈಮ್ (ಸರ್ವರ್ ಚಾಲನೆಯಲ್ಲಿರುವ ಸಮಯ) ಎಂದೇ ಬರೆದುಕೊಂಡಿದ್ದಾರೆ. ಯಾವುದನ್ನು ನೋಡಿ ತೀರ್ಮಾನಿಸಬೇಕು?

ಸರ್ವರ್ ಕೋಣೆ

508 ಬಂದಿತ್ತೆಂದರೆ ಸರ್ವರ್ ಬಿದ್ದಿರಲಿಲ್ಲವೆಂದೇ ಅರ್ಥ. ಒಂದೇ ಸರ್ವರನ್ನು ಹಲವು ಸೈಟ್‌ಗಳು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಪ್ರತಿ ಖಾತೆಗೂ ಏಕಕಾಲಕ್ಕೆ ಇಷ್ಟೇ ಎಂಟ್ರಿ ಪ್ರೊಸೆಸ್‌ಗಳೆಂಬ (ಒಮ್ಮೆಗೇ ನಿಭಾಯಿಸುವ ಕೋರಿಕೆಗಳು) ಮಿತಿಯಿರುತ್ತದೆ. ಅದು ಮುಗಿದಾಗ ಹೊಸ ಗ್ರಾಹಕರಿಗೆ ಬಾಗಿಲು ಮುಚ್ಚುತ್ತದೆ. ಸರ್ವರ್ ಮಾತ್ರ ನಡೆಯುತ್ತಲೇ ಇರುವುದರಿಂದ ಕಂಪನಿಯ ಲೆಕ್ಕದಲ್ಲಿ ಅದು ಡೌನ್‌ಟೈಮ್ ಆಗುವುದೇ ಇಲ್ಲ. ಆದ್ದರಿಂದ ‘ಅನ್‌ಲಿಮಿಟೆಡ್’ ಎಂಬ ಪದಕ್ಕೆ ಮರುಳಾಗದೆ, ಪ್ರೊಸೆಸ್, ಸಿಪಿಯು, ಮೆಮೊರಿ ಹಾಗೂ ಐನೋಡ್‌ಗಳ (ಕಡತಗಳ ಸಂಖ್ಯೆ) ಮಿತಿ ಎಷ್ಟೆಂದು ಬರಹದಲ್ಲೇ ಕೇಳಿ.

ಇನ್ನು 99.9% ಎಂದರೆ ಮೂವತ್ತು ದಿನಗಳ ತಿಂಗಳಲ್ಲಿ ಸುಮಾರು 43 ನಿಮಿಷ ಸೈಟ್ ಸ್ಥಗಿತಗೊಳ್ಳಲು ಅವಕಾಶವಿದೆ. ಆ ಅಷ್ಟೂ ನಿಮಿಷ ನವೆಂಬರ್ 1ರ ಬೆಳಿಗ್ಗೆಯೇ ಬಂದರೂ ಕರಾರು ಮುರಿದಂತಾಗದು. ಪೂರ್ವನಿಗದಿತ ನಿರ್ವಹಣೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಹಾರವೆಂದು ಸಿಗುವುದು ಹೆಚ್ಚಾಗಿ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ, ಅದೂ ನೀವಾಗಿ ಅರ್ಜಿ ಹಾಕಿಕೊಂಡರೆ.

ಕರಾವಳಿಗ

ಮೇಲಿನ ಮಾತಿಗೆ ನನ್ನ ಸಹಮತವಿದೆ. ನಾನು ಅಪ್‌ಟೈಮ್‌ಗಿಂತ ಮೊದಲು ಬ್ಯಾಕಪ್ ಎಲ್ಲಿದೆಯೆಂದು ವಿಚಾರಿಸುತ್ತೇನೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋದಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರಲ್ಲಿ ಕೆಲವರು ಸೈಟ್, ಬ್ಯಾಕಪ್ ಎರಡನ್ನೂ ಕಳೆದುಕೊಂಡರು. ಇರುವ ಬ್ಯಾಕಪ್ ಮರಳಿ ಏಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ: 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಡೇಟಾಬೇಸ್ ಅಳಿಸಿಹೋದಾಗ, ಅವರಲ್ಲಿದ್ದ ಹಲವು ಬಗೆಯ ಬ್ಯಾಕಪ್ ವ್ಯವಸ್ಥೆಗಳು ಕೆಲಸಕ್ಕೆ ಬಾರದೆ, ಸುಮಾರು ಆರು ಗಂಟೆಗಳ ದತ್ತಾಂಶ ಹೋಯಿತು. ಹಾಗಾಗಿ ಒಂದು ಪ್ರತಿಯನ್ನು ಬೇರೆ ಕಂಪನಿಯಲ್ಲೋ ನಿಮ್ಮ ಕಚೇರಿಯಲ್ಲೋ ಇಟ್ಟು, ಅದರಿಂದ ಸೈಟನ್ನು ಒಮ್ಮೆಯಾದರೂ ಎಬ್ಬಿಸಿ ನೋಡಿ.

ಪುಸ್ತಕಪ್ರಿಯ, ಧಾರವಾಡ

ಇಬ್ಬರಿಗೂ ಧನ್ಯವಾದಗಳು. ವಿಮರ್ಶೆ ಪ್ರಕಟಿಸುವ ತಾಣಗಳನ್ನು ನಂಬಬಹುದೇ? ಒಂದು ಕಂಪನಿಯವರು ಡೊಮೇನ್ (ಸೈಟಿನ ವಿಳಾಸ) ಉಚಿತವೆನ್ನುತ್ತಿದ್ದಾರೆ, ಒಪ್ಪಿಕೊಳ್ಳಬಹುದೇ?

ಮಲೆನಾಡಿನ ಡೆವಲಪರ್

ಅಂತಹ ತಾಣಗಳಲ್ಲಿ ಹಲವು ತಮ್ಮ ಲಿಂಕಿನ ಮೂಲಕ ನಡೆದ ಮಾರಾಟಕ್ಕೆ ಕಮಿಷನ್ ಪಡೆಯುತ್ತವೆ. ಮೊದಲ ಸ್ಥಾನ ಯಾರಿಗೆಂಬುದನ್ನು ಆ ಲೆಕ್ಕದಲ್ಲೇ ಓದಿಕೊಳ್ಳಿ. ಡೊಮೇನನ್ನು ಬೇರೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಬಳಿ ನಿಮ್ಮ ಹೆಸರಿನಲ್ಲೇ ಇಟ್ಟುಕೊಂಡರೆ, ಹೋಸ್ಟಿಂಗ್‌ನವರೊಡನೆ ಜಗಳವಾದ ದಿನವೂ ಸೈಟನ್ನು ಮತ್ತೊಂದೆಡೆಗೆ ತಿರುಗಿಸಬಹುದು.

ಮೂರು ವರ್ಷದ ರಿಯಾಯಿತಿಗೆ ಮನಸೋಲದೆ ಮೊದಲು ಒಂದೆರಡು ತಿಂಗಳಿಗಷ್ಟೇ ಹಣ ಕಟ್ಟಿ, ಅಪ್‌ಟೈಮ್‌ರೋಬೋಟ್‌ನಂತಹ ಸೇವೆಯಿಂದ ನೀವೇ ನಿಗಾ ಇಡಿ. ಮುಖಪುಟ ಕ್ಯಾಶ್‌ನಿಂದ (ಮೊದಲೇ ಉಳಿಸಿಟ್ಟ ಪ್ರತಿಯಿಂದ) ಬರುವ ಸಾಧ್ಯತೆಯಿರುವುದರಿಂದ, ಡೇಟಾಬೇಸ್ ಮುಟ್ಟುವ ಪುಸ್ತಕ ಹುಡುಕಾಟದ ಪುಟವನ್ನು ಪರೀಕ್ಷೆಗೆ ಕೊಡುವುದು ಉತ್ತಮ. ಸೇವೆ ನಡೆಯುತ್ತಿದೆಯೇ ಎಂದು ತೋರಿಸುವ ಕಂಪನಿಯ ಸ್ಟೇಟಸ್ ಪುಟದ ಹಸಿರು ಬಣ್ಣವೊಂದೇ ಸಾಕ್ಷಿಯಲ್ಲ. 2017ರ ಫೆಬ್ರವರಿಯಲ್ಲಿ ಕಡತಗಳನ್ನು ಸಂಗ್ರಹಿಸುವ ಅಮೆಜಾನ್‌ನ ಎಸ್3 ಸೇವೆ ಕುಸಿದಾಗ, ಸ್ಟೇಟಸ್ ಪುಟವೂ ಅದನ್ನೇ ಅವಲಂಬಿಸಿದ್ದ ಕಾರಣ ಕೆಲಹೊತ್ತು ಪರಿಷ್ಕರಣೆಯೇ ಸಾಧ್ಯವಾಗಲಿಲ್ಲ. ಭಾನುವಾರ ರಾತ್ರಿ ಸಪೋರ್ಟ್‌ಗೆ ಪಿಎಚ್‌ಪಿ (ಸೈಟ್ ನಡೆಸುವ ಪ್ರೋಗ್ರಾಮಿಂಗ್ ಭಾಷೆ) ಆವೃತ್ತಿಯ ಬಗ್ಗೆ ಒಂದು ಪ್ರಶ್ನೆ ಕಳುಹಿಸಿದರೆ, ಸಿದ್ಧ ಉತ್ತರ ಬರುತ್ತದೆಯೋ ವಿಷಯ ತಿಳಿದವರು ಬರೆಯುತ್ತಾರೋ ಗೊತ್ತಾಗುತ್ತದೆ.

ಸ್ಥಳಾಂತರವನ್ನು ಸೆಪ್ಟೆಂಬರ್‌ನೊಳಗೆ ಮುಗಿಸಿ. ಅದಕ್ಕೆ ಒಂದೆರಡು ದಿನ ಮೊದಲೇ ಡಿಎನ್‌ಎಸ್‌ನ (ಡೊಮೇನನ್ನು ಸರ್ವರ್‌ಗೆ ಜೋಡಿಸುವ ವ್ಯವಸ್ಥೆ) ಟಿಟಿಎಲ್ ಅನ್ನು (ಆ ಜೋಡಣೆಯನ್ನು ಇತರ ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ, ಹಳೆಯ ಖಾತೆಯನ್ನು ಇನ್ನೊಂದು ತಿಂಗಳು ಹಾಗೆಯೇ ಬಿಡಿ.