ಡೇಟಾಬೇಸ್ ಕೈಪಿಡಿಯಲ್ಲಿ ಪಾಸ್‌ವರ್ಡ್ ಉದಾಹರಣೆ: ಎಂಡಿ5 ಇಟ್ಟರೆ ನಡೆಯುತ್ತಾ?

ಪ್ರಶ್ನೆ: ನಮ್ಮ ಟೀಮಿಗೆ ಡೇಟಾಬೇಸ್ ಕೈಪಿಡಿ ಬರೆಯುತ್ತಿದ್ದೇನೆ. ಯೂಸರ್ ಟೇಬಲ್‌ಗೆ ಸಾಲು ಸೇರಿಸುವ ಉದಾಹರಣೆಯಲ್ಲಿ ಪಾಸ್‌ವರ್ಡನ್ನು ಎಂಡಿ5 (ಪದವನ್ನು ಹ್ಯಾಶ್, ಅಂದರೆ ಗುರುತು ಸಿಗದಂಥ ಅಕ್ಷರ-ಅಂಕಿಗಳ ಸಾಲು, ಆಗಿಸುವ ಒಂದು ವಿಧಾನ) ಮಾಡಿ ತೋರಿಸಿದ್ದೇನೆ. ಬರೀ ಉದಾಹರಣೆ ತಾನೆ, ಪರವಾಗಿಲ್ಲ ಅಲ್ವಾ? ಅನುಭವ ಇದ್ದವರು ಹೇಳಿ.

ಒಬ್ಬ ಬ್ಯಾಕೆಂಡ್ ಡೆವಲಪರ್: ದಯವಿಟ್ಟು ತೆಗೆದುಬಿಡಿ. ಉದಾಹರಣೆ ಕಂಡರೆ ಜನ ಕಾಪಿ ಮಾಡಿ ಅಂಟಿಸುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅದನ್ನೇ ಮಾಡಿದ್ದೆ. ಎರಡು ವರ್ಷ ಕಳೆದು ಒಂದು ದಿನ ಟೇಬಲ್ ತೆರೆದರೆ, ‘5ಎಫ್4ಡಿಸಿಸಿ3ಬಿ’ ಅಂತ ಶುರುವಾಗುವ ಹ್ಯಾಶ್ ಎಷ್ಟೋ ಸಾಲುಗಳಲ್ಲಿ ಇತ್ತು. ಅದನ್ನು ಗೂಗಲ್‌ನಲ್ಲಿ ಹಾಕಿದೆ. ತಕ್ಷಣ ಉತ್ತರ ಬಂತು: ‘ಪಾಸ್‌ವರ್ಡ್’ ಅನ್ನೋ ಇಂಗ್ಲಿಷ್ ಪದದ ಎಂಡಿ5 ಅದು. ಅಷ್ಟೂ ಜನ ಆ ಪದವನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರು. ಸಾಲ್ಟ್ (ಹ್ಯಾಶ್ ಮಾಡುವ ಮುಂಚೆ ಒಬ್ಬೊಬ್ಬರ ಪಾಸ್‌ವರ್ಡಿಗೂ ಸೇರಿಸುವ ಬೇರೆ ಬೇರೆ ಅಕ್ಷರಗಳು) ಇಲ್ಲದ್ದರಿಂದ ಎಲ್ಲರ ಹ್ಯಾಶೂ ಒಂದೇ. ಅವತ್ತು ನಿದ್ದೆ ಬರಲಿಲ್ಲ.

2012ರಲ್ಲಿ ಲಿಂಕ್ಡ್‌ಇನ್‌ನಿಂದ ಸುಮಾರು 65 ಲಕ್ಷ ಹ್ಯಾಶ್ ಹೊರಬಂದಾಗಲೂ ಅವು ಸಾಲ್ಟ್ ಇಲ್ಲದ ಶಾ-1 ಆಗಿದ್ದವು. ಹಾಗಂತ ಸಾಲ್ಟ್ ಒಂದೇ ಸಾಲದು. ಎಂಡಿ5, ಶಾ-1, ಶಾ-256 ಇವೆಲ್ಲ ಬೇಗ ಓಡಲು ಮಾಡಿದವು. ಬೇಗ ಓಡಿದಷ್ಟೂ ಹೆಚ್ಚು ಪಾಸ್‌ವರ್ಡ್ ಊಹಿಸಿ ನೋಡಬಹುದು, ಅದು ಕಳ್ಳನಿಗೇ ಅನುಕೂಲ. ಪಾಸ್‌ವರ್ಡ್‌ಗೆ ಬೇಕಾದ್ದು ನಿಧಾನದ ಹ್ಯಾಶ್: ಬಿಕ್ರಿಪ್ಟ್, ಇಲ್ಲವೇ 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆ ಗೆದ್ದ ಆರ್ಗಾನ್2.

ನಾವು ಸರಿಪಡಿಸಿದ್ದು ಹೀಗೆ: ಇದ್ದ ಎಂಡಿ5 ಹ್ಯಾಶ್‌ಗಳ ಮೇಲೇ ಬಿಕ್ರಿಪ್ಟ್ ಹಾಕಿ, ಹಳೆಯವನ್ನು ಅಳಿಸಿದೆವು. ಆಮೇಲೆ ಒಬ್ಬೊಬ್ಬರು ಲಾಗಿನ್ ಆದ ಹಾಗೆ ಅವರ ಪಾಸ್‌ವರ್ಡಿನಿಂದ ನೇರವಾಗಿ ಹೊಸ ಹ್ಯಾಶ್ ಮಾಡಿಟ್ಟೆವು.

ಒಬ್ಬ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು): ಮೇಲಿನವರು ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ. ಉದಾಹರಣೆಯಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಒಳಗೇ ಹ್ಯಾಶ್ ಮಾಡಿ ತೋರಿಸಬೇಡಿ. ಹಾಗೆ ಮಾಡಿದರೆ ನಿಜವಾದ ಪಾಸ್‌ವರ್ಡೇ ಕ್ವೆರಿಯಲ್ಲಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಆದೇಶದಲ್ಲಿ, ಬರುತ್ತದೆ, ಕ್ವೆರಿ ಲಾಗ್ ಆನ್ ಇದ್ದರೆ ಫೈಲಿನಲ್ಲಿ ಉಳಿಯುತ್ತದೆ. ನಾನು ಅಂಥ ಲಾಗ್ ಫೈಲ್‌ಗಳನ್ನು ಕಣ್ಣಾರೆ ಕಂಡಿದ್ದೇನೆ. ಆ್ಯಪ್‌ನಲ್ಲಿ ಹ್ಯಾಶ್ ಮಾಡಿ, ಕ್ವೆರಿಗೆ ಹ್ಯಾಶ್ ಮಾತ್ರ ಕೊಡುವುದನ್ನು ತೋರಿಸಿ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಿಜಿಕ್ರಿಪ್ಟೋ (ಡೇಟಾಬೇಸ್ ಒಳಗೇ ಹ್ಯಾಶ್ ಮಾಡುವ ಸೌಲಭ್ಯ) ಬಳಸಲೇಬೇಕು ಅಂತಿದ್ದರೆ ಸಾಲ್ಟ್ ಮಾಡುವಾಗ ‘ಬಿಎಫ್’ (ಅಂದರೆ ಬಿಕ್ರಿಪ್ಟ್) ಆರಿಸಿ. ಪಕ್ಕದಲ್ಲಿ ಹ್ಯಾಶ್ ಎಷ್ಟು ನಿಧಾನ ಆಗಬೇಕು ಅನ್ನೋ ಸಂಖ್ಯೆಯನ್ನೂ ಬರೆಯಿರಿ, 10 ಅಥವಾ 12. ಬರೆಯದಿದ್ದರೆ 6 ಆಗುತ್ತದೆ, ಅದು ಬಹಳ ಕಡಿಮೆ. ಮೈಎಸ್‌ಕ್ಯೂಎಲ್‌ನ ಹಳೆಯ ‘ಪಾಸ್‌ವರ್ಡ್’ ಫಂಕ್ಷನ್ 8.0 ಆವೃತ್ತಿಯಲ್ಲಿ ಇಲ್ಲವೇ ಇಲ್ಲ, ಅದನ್ನು ಬಳಸಿದ್ದರೆ ತೆಗೆಯಿರಿ.

ಹಾಗೇ ನಿಮ್ಮ ಟೇಬಲ್ ಉದಾಹರಣೆಯಲ್ಲಿ ಕಾಲಂ ಎಷ್ಟು ಅಕ್ಷರದ್ದು ಅಂತ ನೋಡಿ. ಎಂಡಿ5ಗೆ ಅಂತ 32 ಇಟ್ಟಿರುತ್ತೀರಿ. ಬಿಕ್ರಿಪ್ಟ್‌ಗೆ 60 ಬೇಕು, ಆರ್ಗಾನ್2ಗೆ ಇನ್ನೂ ಜಾಸ್ತಿ. 255 ಇಟ್ಟುಬಿಡಿ.