‘ಕಾನರ್ಬೇಶನ್’ಗೆ ‘ಕೂಡುನಗರ’ ಎನ್ನಬಹುದೇ?

ಗೆಳೆಯರೇ,

ನೆರೆಯ ಊರುಗಳು ಬೆಳೆಯುತ್ತ ಒಂದಕ್ಕೊಂದು ತಾಗಿ, ನಡುವಿನ ಹೊಲಗಳು ಬಡಾವಣೆಗಳಾಗಿ, ಕೊನೆಗೆ ಒಂದೇ ನಗರಪ್ರದೇಶವಾಗುತ್ತವಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಇಂಗ್ಲಿಷಿನಲ್ಲಿ ‘ಕಾನರ್ಬೇಶನ್’ ಎಂಬ ಪದವನ್ನು 1915ರಲ್ಲಿ ಬಳಕೆಗೆ ತಂದವರು ಸ್ಕಾಟ್ಲೆಂಡಿನ ನಗರ ಯೋಜನಾತಜ್ಞ ಪ್ಯಾಟ್ರಿಕ್ ಗೆಡ್ಡಿಸ್. ಲ್ಯಾಟಿನ್ನಿನ ‘ಕೂಡಿ’ ಮತ್ತು ‘ನಗರ’ ಎಂಬರ್ಥದ ತುಣುಕುಗಳನ್ನು ಅವರು ಬೆಸೆದರು. ಮುಂದೆ ಅವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಹುಬ್ಬಳ್ಳಿ, ಧಾರವಾಡಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು.

ಈ ಎರಡು ಊರುಗಳನ್ನು ಪತ್ರಿಕೆಗಳು ‘ಅವಳಿ ನಗರ’ ಎನ್ನುತ್ತವೆ. ನನಗೆ ಇದು ಒಪ್ಪಿಗೆಯಾಗಿಲ್ಲ. ಅವಳಿಗಳು ಒಂದೇ ಬಸಿರಿನಲ್ಲಿ ಜೊತೆಯಾಗಿ ಹುಟ್ಟುತ್ತವೆ. ಹುಬ್ಬಳ್ಳಿಯನ್ನು ಬೆಳೆಸಿದ್ದು ಹತ್ತಿಯ ವ್ಯಾಪಾರ ಮತ್ತು ರೈಲು; ಧಾರವಾಡವನ್ನು ಬೆಳೆಸಿದ್ದು ಜಿಲ್ಲಾ ಕಚೇರಿ ಮತ್ತು ಕಾಲೇಜುಗಳು. ಸುಮಾರು 20 ಕಿ.ಮೀ. ಅಂತರದ ಇವೆರಡನ್ನೂ 1962ರಲ್ಲಿ ಒಂದೇ ಪಾಲಿಕೆಗೆ ಸೇರಿಸಿದರು. ನಡುವೆ ನವನಗರ ಎದ್ದಿತು. ಈಗ ಬಿಆರ್‌ಟಿಎಸ್ (ಮೀಸಲು ಪಥದ ತ್ವರಿತ ಬಸ್ ಸೇವೆ) ಬಸ್ಸಿನ ಕಿಟಕಿಯಿಂದ ನೋಡಿದರೆ ಹುಬ್ಬಳ್ಳಿ ಎಲ್ಲಿ ಮುಗಿಯಿತೆಂದು ಗೆರೆ ಎಳೆಯುವುದು ಕಷ್ಟ. ಅಂದರೆ ಇವು ಬೆಳೆದು ಕೂಡಿದವು, ಕೂಡಿ ಹುಟ್ಟಲಿಲ್ಲ.

ಕಲ್ಲಿದ್ದಲು, ಉಕ್ಕುಗಳಿಂದ ಬೆಳೆದ ಜರ್ಮನಿಯ ರೂರ್ ಪ್ರದೇಶದಲ್ಲಿ ಡಾರ್ಟ್ಮುಂಡ್, ಬೋಖಮ್, ಎಸೆನ್, ಡ್ಯೂಸ್‌ಬರ್ಗ್ ಸಾಲಾಗಿ ಅಂಟಿಕೊಂಡಿವೆ. ಅಲ್ಲಂತೂ ‘ಅವಳಿ’ ಎನ್ನುವಂತೆಯೇ ಇಲ್ಲ. ‘ಮಹಾನಗರ’ ಎಂದರೆ ಒಂದೇ ಊರು ಹಿಗ್ಗಿದ ಚಿತ್ರ ಬರುತ್ತದೆ. ‘ನಗರ ಸಮೂಹ’ದಲ್ಲಿ ಗುಂಪು ಕಾಣುತ್ತದೆ, ಬೆಸುಗೆ ಕಾಣುವುದಿಲ್ಲ.

ಮೊದಲು ‘ನಗರ ಸಂಗಮ’ ಹೊಳೆಯಿತು. ಆದರೆ ಕೂಡಲಿಯಲ್ಲಿ ಸೇರಿದ ತುಂಗೆ, ಭದ್ರೆಯರನ್ನು ಮತ್ತೆ ಬೇರ್ಪಡಿಸಲಾಗದು. ನಗರಗಳು ಹಾಗಲ್ಲ: ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪಾಲಿಕೆ ಎರಡಾದರೂ ಅದೇ ರಸ್ತೆ, ಅದೇ ಬಸ್ಸು, ದಿನವೂ ಆಚೀಚೆ ಓಡಾಡುವ ಅದೇ ಜನ. ಒಲೆ ಬೇರೆಯಾದರೂ ಅಂಗಳ ಒಂದೇ ಆಗಿರುವ ಮನೆಯ ಹಾಗೆ. ಅದಕ್ಕೇ ‘ಕೂಡುಕುಟುಂಬ’, ‘ಕೂಡುರಸ್ತೆ’ಗಳ ಜಾಡಿನಲ್ಲಿ ‘ಕೂಡುನಗರ’ ಎಂದು ಸೂಚಿಸುತ್ತಿದ್ದೇನೆ. ‘ಕೂಡೂರು’ ಇನ್ನೂ ಅಚ್ಚಗನ್ನಡ, ಆದರೆ ಅದು ಯಾವುದೋ ಹಳ್ಳಿಯ ಹೆಸರಿನಂತೆ ಕೇಳಿಸುತ್ತದೆ.

ಭೂಗೋಳ ಕಲಿಸುವವರು ಈ ಬಳಗದಲ್ಲಿದ್ದೀರಿ. ತರಗತಿಯಲ್ಲಿ ನೀವು ಯಾವ ಪದ ಬಳಸುತ್ತೀರಿ? ‘ಕೂಡುನಗರ’ ಎಂದರೆ ಮಕ್ಕಳಿಗೆ ವಿವರಣೆಯಿಲ್ಲದೆ ಅರ್ಥವಾದೀತೇ?