ಹಳೇ ಮನೆಯ ಕಂಬಿ ಹೊಸ ಮೋಲ್ಡಿಗೆ ಆಗುತ್ತದಾ?

ಹಳೇಗೋಡೆ:
ನಮಸ್ಕಾರ ಎಲ್ಲರಿಗೂ. ಸುಮಾರು ನಲವತ್ತು ವರ್ಷದ ಮನೆ ಒಡೆದು ಅದೇ ಜಾಗದಲ್ಲಿ ಎರಡು ಅಂತಸ್ತು ಕಟ್ಟಿಸುತ್ತಿದ್ದೇವೆ. ತಾರಸಿ ಒಡೆದ ಮೇಲೆ ರಾಶಿ ಕಂಬಿ ಹೊರಗೆ ಬಿದ್ದಿದೆ. ಜೊತೆಗೆ ಅಲ್ಯೂಮಿನಿಯಂ ಕಿಟಕಿಗಳು, ಹಳೇ ವೈರಿಂಗ್, ನಲ್ಲಿಗಳು, ಕಾರಿನ ಶೆಡ್ಡಿಗೆ ಹಾಕಿದ್ದ ಎರಡು ಕಬ್ಬಿಣದ ತೊಲೆ ಎಲ್ಲ ಒಂದೇ ಗುಡ್ಡೆಯಲ್ಲಿ ಸೇರಿಕೊಂಡಿವೆ.

ಮೇಸ್ತ್ರಿ ಎರಡು ಮಾತು ಹೇಳುತ್ತಾರೆ, ಎರಡೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. "ಹಳೇ ಕಂಬಿ ಗಟ್ಟಿ ಮಾಲು, ನೆಟ್ಟಗೆ ಮಾಡಿ ಮೋಲ್ಡಿಗೆ ಹಾಕೋಣ, ಸುಮ್ನೆ ಗುಜರಿಗೆ ಯಾಕೆ ಕೊಡ್ತೀರಿ" ಅನ್ನುವುದು ಒಂದು. "ಹೊಸ ಕಂಬಿ ತರುವಾಗ ಗುಜರಿ ಕರಗಿಸಿ ಮಾಡಿದ್ದನ್ನು ಮಾತ್ರ ತರಬೇಡಿ, ಅದಕ್ಕೆ ಜೀವ ಇರಲ್ಲ" ಅನ್ನುವುದು ಇನ್ನೊಂದು. ಅಂದರೆ ನಮ್ಮ ಕಂಬಿಯನ್ನು ಹಾಗೇ ಹಾಕಿದರೆ ಒಳ್ಳೆಯದು, ಅದನ್ನೇ ಕರಗಿಸಿ ಮತ್ತೆ ಕಂಬಿ ಮಾಡಿದರೆ ಕೆಟ್ಟದ್ದಾ? ತಿಳಿದವರು ಹೇಳಿ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಕಬ್ಬಿಣದ ವಿಷಯದಲ್ಲಿ ಸೊನ್ನೆ.

ಪಿಲ್ಲರ್ಬೀಮ್:
ಮೇಸ್ತ್ರಿ ಸರಿಯಾಗಿ ಉಲ್ಟಾ ಹೇಳಿದ್ದಾರೆ ಸರ್. ಹಳೇ ಕಂಬಿ ನೆಟ್ಟಗೆ ಮಾಡಿ ಹಾಕುವುದು ಬೇಡ. ಕರಗಿಸಿ ಮಾಡಿದ ಕಂಬಿ ಬಗ್ಗೆ ಭಯ ಬೇಡ, ಆದರೆ ಟೆಸ್ಟ್ ಸರ್ಟಿಫಿಕೇಟ್ ಇರಬೇಕು.

ಮೊದಲು ಹಳೇ ಕಂಬಿ. ತಾರಸಿ ಒಡೆಯುವಾಗ ಸುತ್ತಿಗೆ ಏಟಿಗೆ, ಮೆಷಿನ್ ಎಳೆತಕ್ಕೆ ಕಂಬಿ ಹತ್ತು ಕಡೆ ಬಗ್ಗಿರುತ್ತದೆ. ಒಮ್ಮೆ ಬಗ್ಗಿ ಮತ್ತೆ ನೆಟ್ಟಗಾದ ಜಾಗದಲ್ಲಿ ಉಕ್ಕು ಬಿಗಿದುಕೊಂಡು ಬಿಡುತ್ತದೆ. ಗಟ್ಟಿ ಅನಿಸುತ್ತದೆ ನಿಜ, ಆದರೆ ಹಿಗ್ಗುವ ಗುಣ ಕಳೆದುಕೊಂಡಿರುತ್ತದೆ. ಭೂಕಂಪದಲ್ಲಿ ಕಟ್ಟಡ ಉಳಿಯುವುದು ಕಂಬಿ ಮುರಿಯದೆ ಹಿಗ್ಗುವುದರಿಂದಲೇ. ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡುತ್ತೇವೆ ಅಂದರೂ ಒಪ್ಪಬೇಡಿ. ಟಿಎಂಟಿ ಕಂಬಿಯಾಗಿದ್ದರೆ ಅದರ ಹೊರಗಿನ ಗಟ್ಟಿ ಪದರ ತಯಾರಾಗುವುದೇ ಕೆಂಪಗೆ ಇರುವಾಗ ನೀರು ಚಿಮ್ಮಿಸಿ ತಟ್ಟನೆ ತಣಿಸುವುದರಿಂದ, ನೀವು ಮತ್ತೆ ಕಾಯಿಸಿದರೆ ಆ ಪದರ ಮೆತ್ತಗಾಗುತ್ತದೆ.

ಇನ್ನು ತುಕ್ಕು. ಕಣ್ಣಲ್ಲಿ ನೋಡಿ ಹೇಳಲಿಕ್ಕಾಗುವುದಿಲ್ಲ, ತೂಕ ಹಾಕಿ. 12 ಮಿ.ಮೀ. ಕಂಬಿ ಒಂದು ಮೀಟರ್ ಕತ್ತರಿಸಿ, ವೈರ್ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ, ತಕ್ಕಡಿಗಿಡಿ. 888 ಗ್ರಾಂ ಆಸುಪಾಸು ಬರಬೇಕು. ಲೆಕ್ಕ ಸುಲಭ: ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಅಂತ ಸಿಗುತ್ತದೆ. ನಾನು ಒಂದು ಹಳೇ ಮನೆಯಲ್ಲಿ ಹೀಗೆ ತೂಗಿದಾಗ 680 ಗ್ರಾಂ ಬಂತು. ಅಂದರೆ ಹೆಸರಿಗೆ 12, ನಿಜಕ್ಕೆ ಹತ್ತೂವರೆ. ಕಾಲು ಭಾಗದ ಹತ್ತಿರ ಉಕ್ಕು ಮಾಯ! ನೋಡಲಿಕ್ಕೆ ಮಾತ್ರ ಚೆನ್ನಾಗೇ ಇತ್ತು.

ಅಷ್ಟೇ ಅಲ್ಲ, ನಲವತ್ತು ವರ್ಷದ ಹಿಂದಿನ ಮನೆ ಅಂದರೆ ಮೈಮೇಲೆ ಗೆರೆ ಇಲ್ಲದ ನುಣುಪು ಕಂಬಿಯೂ ಇರಬಹುದು. ಕಾಂಕ್ರೀಟ್ ಅದನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಿದ್ದರೆ ನಿಮ್ಮ ಇಂಜಿನಿಯರ್ 500 ಗ್ರೇಡ್ (ಕಂಬಿ ಎಷ್ಟು ಎಳೆತ ತಡೆಯುತ್ತದೆ ಅನ್ನುವ ಅಂಕಿ) ಲೆಕ್ಕ ಹಾಕಿ ಕೊಟ್ಟ ಡ್ರಾಯಿಂಗಿಗೆ 250 ತಡೆಯುವ ಕಂಬಿ ಹಾಕಿದಂತಾಗುತ್ತದೆ.

ಶೆಡ್ಡಿನ ತೊಲೆಗಳ ಕಥೆ ಬೇರೆ. ಅವು ಕಾಂಕ್ರೀಟಿನೊಳಗೆ ಹೂತಿಲ್ಲ, ಸುತ್ತ ನೋಡಬಹುದು, ದಪ್ಪ ಅಳೆಯಬಹುದು, ಒಂದು ತುಂಡು ಲ್ಯಾಬಿಗೆ ಕಳಿಸಿ ಎಳೆದು ಪರೀಕ್ಷಿಸಬಹುದು. ಬೋಲ್ಟ್ ಹಾಕಿದ್ದರೆ ಬಿಚ್ಚಿ, ಗ್ಯಾಸ್ ಕಟರ್ ಹಿಡಿಯಬೇಡಿ. ಅವನ್ನು ಕರಗಿಸದೆ ಹಾಗೇ ಬಳಸುವುದೇ ಒಳ್ಳೆಯದು.

ಹಳೇಗೋಡೆ:
ತೂಕದ ಉಪಾಯ ಚೆನ್ನಾಗಿದೆ, ನಾಳೆಯೇ ನೋಡುತ್ತೇನೆ. ಆದರೆ ಒಂದು ಅನುಮಾನ. ತುಕ್ಕು ಹಿಡಿದ, ಬಗ್ಗಿದ ಇದೇ ಕಂಬಿ ಕುಲುಮೆಗೆ ಹೋಗಿ ಬಂದರೆ ಹೊಸದರ ಹಾಗೆ ಆಗಿಬಿಡುತ್ತದಾ? ಒಳಗಿನ ಕೆಟ್ಟದ್ದೆಲ್ಲ ಎಲ್ಲಿಗೆ ಹೋಗುತ್ತದೆ?

ಕುಲುಮೆಮನೆ:
ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಇದ್ದವಳು ನಾನು. ಒಳ್ಳೆ ಪ್ರಶ್ನೆ ಕೇಳಿದಿರಿ.

ಬಗ್ಗಿದ್ದು, ಬಿಗಿದದ್ದು ಕರಗಿದ ಮೇಲೆ ಲೆಕ್ಕಕ್ಕೇ ಇಲ್ಲ. 1600 ಡಿಗ್ರಿಯಲ್ಲಿ ನೀರಾದ ಉಕ್ಕಿಗೆ ಹಳೇ ನೆನಪು ಇರುವುದಿಲ್ಲ. ತುಕ್ಕು ಕೂಡ ದೊಡ್ಡ ತೊಂದರೆ ಅಲ್ಲ, ಒಂದು ಪಾಲು ಮತ್ತೆ ಕಬ್ಬಿಣವಾಗುತ್ತದೆ, ಉಳಿದದ್ದು ಕಿಟ್ಟದಲ್ಲಿ, ಅಂದರೆ ಕರಗಿದ ಉಕ್ಕಿನ ಮೇಲೆ ತೇಲುವ ಕಲ್ಮಶದಲ್ಲಿ, ಹೋಗುತ್ತದೆ. ಸುಣ್ಣ ಹಾಕಿ ಆಮ್ಲಜನಕ ಊದಿದರೆ ರಂಜಕವೂ ಕಿಟ್ಟದ ಜೊತೆ ಹೊರಗೆ ಬರುತ್ತದೆ. ಕೆಲವು ಸಣ್ಣ ಕುಲುಮೆಗಳಲ್ಲಿ ಬರೀ ಕರಗಿಸಿ ಸುರಿಯುತ್ತಾರೆ, ಈ ಶುದ್ಧಿ ಮಾಡುವ ಕೆಲಸ ಇರುವುದಿಲ್ಲ. ನಿಮ್ಮ ಮೇಸ್ತ್ರಿ ಎಲ್ಲೋ ಅಂಥ ಕಂಬಿ ಬಗ್ಗಿಸುವಾಗ ಪಟ್ ಅಂತ ಮುರಿದದ್ದನ್ನು ನೋಡಿರಬೇಕು. ಅವರ ಮಾತಿನಲ್ಲಿ ಅಷ್ಟು ಸತ್ಯ ಇದೆ.

ನಿಜವಾದ ತಲೆನೋವು ತಾಮ್ರ. ಕಬ್ಬಿಣಕ್ಕಿಂತ ಮೊದಲು ತಾಮ್ರ ಸುಟ್ಟು ಕಿಟ್ಟ ಸೇರುವುದಿಲ್ಲ, ಹಾಗಾಗಿ ಏನು ಊದಿದರೂ ಅದು ಉಕ್ಕಿನಲ್ಲೇ ಉಳಿಯುತ್ತದೆ. ತವರವೂ ಹಾಗೇ. ಒಂದು ಮೋಟರ್ ಸುರುಳಿ, ಒಂದು ಕಟ್ಟು ವೈರ್ ಗುಜರಿ ಜೊತೆ ಕುಲುಮೆಗೆ ಬಿತ್ತು ಅಂದರೆ ಅದನ್ನು ವಾಪಸ್ ತೆಗೆಯುವ ಸುಲಭ ದಾರಿ ಇಲ್ಲ, ಶುದ್ಧ ಕಬ್ಬಿಣ ಸೇರಿಸಿ ತೆಳು ಮಾಡಬೇಕು ಅಷ್ಟೇ. ತಾಮ್ರ ಜಾಸ್ತಿಯಾದರೆ ಕೆಂಪಗೆ ಕಾದ ಉಕ್ಕನ್ನು ರೋಲಿಂಗ್‌ಗೆ ಬಿಟ್ಟಾಗ ಮೇಲ್ಮೈ ಬಿರುಕು ಬಿಡುತ್ತದೆ. ಕಟ್ಟಡದ ಕಂಬಿ ಸ್ವಲ್ಪ ತಾಮ್ರ ತಡೆದುಕೊಳ್ಳುತ್ತದೆ, ಕಾರಿನ ತೆಳು ಹಾಳೆ ತಡೆಯುವುದಿಲ್ಲ. ಅದಕ್ಕೇ ಗುಜರಿ ಉಕ್ಕು ಜಾಸ್ತಿ ಕಂಬಿಯಾಗುವುದು.

ಇನ್ನೊಂದು: ಅದಿರಿನಿಂದ ಉಕ್ಕು ಮಾಡುವ ದೊಡ್ಡ ಕಾರ್ಖಾನೆಗಳಲ್ಲೂ ಕನ್ವರ್ಟರ್‌ಗೆ (ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಊದಿ ಉಕ್ಕು ಮಾಡುವ ಪಾತ್ರೆ) ಗುಜರಿ ಹಾಕುತ್ತಾರೆ, ಶಾಖ ಹತೋಟಿಯಲ್ಲಿಡಲು ಅದು ಬೇಕು. ಹಾಗಾಗಿ "ಗುಜರಿ ಸೇರದ ಕಂಬಿ" ಅಂತ ಹುಡುಕಿಕೊಂಡು ಹೋಗಬೇಡಿ. ಸರ್ಟಿಫಿಕೇಟಿನಲ್ಲಿರುವ ಹೀಟ್ ನಂಬರ್ (ಒಂದು ಸಲ ಕರಗಿಸಿದ ಉಕ್ಕಿಗೆ ಕೊಡುವ ಸಂಖ್ಯೆ) ಕಂಬಿ ಕಟ್ಟಿನ ಟ್ಯಾಗಿಗೆ ಹೊಂದುತ್ತದಾ ನೋಡಿ, ರಂಜಕ, ಗಂಧಕ ಎಷ್ಟಿದೆ ನೋಡಿ, ಹಿಗ್ಗುವಿಕೆ ಶೇಕಡಾ ಎಷ್ಟು ನೋಡಿ.

ಒಂಟಿಸಂದೇಹ:
ಎಲ್ಲ ಸರಿ, ಆದರೆ ಗುಜರಿ ಉಕ್ಕಿನಲ್ಲಿ ವಿಕಿರಣ ಬರುತ್ತದೆ ಅಂತ ಓದಿದ್ದೆ. ಅದು ಸುಳ್ಳಾ?

ಕುಲುಮೆಮನೆ:
ಸುಳ್ಳಲ್ಲ, ನಡೆದದ್ದೇ. 1983ರ ಕೊನೆಯಲ್ಲಿ ಮೆಕ್ಸಿಕೋದ ಹುವಾರೆಸ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಒಂದು ಹಳೇ ಯಂತ್ರ ಗುಜರಿಗೆ ಹೋಗಿ, ಅದರೊಳಗಿದ್ದ ಕೋಬಾಲ್ಟ್-60 ಉಕ್ಕಿನ ಜೊತೆ ಕರಗಿ ಕಂಬಿಗಳಾಗಿಬಿಟ್ಟಿತು. 1984ರ ಜನವರಿಯಲ್ಲಿ ಆ ಕಂಬಿ ಹೊತ್ತ ಲಾರಿ ಅಮೆರಿಕದ ಲಾಸ್ ಅಲಾಮಸ್ ಪ್ರಯೋಗಾಲಯದ ಹತ್ತಿರ ಬಂದಾಗ ಅಲ್ಲಿನ ವಿಕಿರಣ ಪತ್ತೆ ಯಂತ್ರ ಕೂಗಿಕೊಂಡಿತು, ಹಾಗೆ ಗೊತ್ತಾದದ್ದು. ಅಷ್ಟರಲ್ಲಿ ಮನೆಗಳಿಗೂ ಆ ಕಂಬಿ ಸೇರಿತ್ತು, ಕೆಲವನ್ನು ಒಡೆಯಬೇಕಾಯಿತು. ಅದಾದ ಮೇಲೆ ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಪತ್ತೆ ಕಂಬಗಳು ಬಂದವು. ನಾನಿದ್ದ ಕಡೆಯೂ ಲಾರಿ ಅದರ ನಡುವೆ ನಿಧಾನಕ್ಕೆ ಹಾದು ಬರಬೇಕಿತ್ತು.

ತಕ್ಕಡಿ:
ಗುಜರಿ ವ್ಯಾಪಾರದವನು ನಾನು, ಇಲ್ಲಿ ಎಲ್ಲರೂ ಗುಜರಿ ಗುಜರಿ ಅನ್ನುತ್ತಿದ್ದೀರಿ ಅಂತ ಬಂದೆ 😄

ಅಣ್ಣ, ನೀವು ಎಲ್ಲ ಒಂದೇ ಗುಡ್ಡೆ ಅಂದಿರಲ್ಲ, ಅಲ್ಲೇ ತಪ್ಪಾಗಿದೆ. ಈಗಲೇ ಬೇರೆ ಮಾಡಿಸಿ. ಮೇಡಂ ಹೇಳಿದ ತಾಮ್ರ ಉಕ್ಕಿಗೆ ಸೇರುವುದು ಕುಲುಮೆಯಲ್ಲಿ ಅಲ್ಲ, ನಿಮ್ಮ ಗುಡ್ಡೆಯಲ್ಲಿ.

ವೈರ್ ಸುಡಬೇಡಿ, ಸುಡುವುದಕ್ಕೆ ಬಿಡಲೂ ಬೇಡಿ. ಪ್ಲಾಸ್ಟಿಕ್ ಹೊಗೆ ವಿಷ, ತಾಮ್ರವೂ ಕಪ್ಪಾಗಿ ಕೆಳ ದರ್ಜೆಗೆ ಇಳಿಯುತ್ತದೆ. ಸಿಪ್ಪೆ ಸುಲಿದ ಹೊಳೆಯುವ ತಾಮ್ರವೇ ಮೇಲಿನ ದರ್ಜೆ.

ನಲ್ಲಿಗಳನ್ನು ಅರದಲ್ಲಿ ಒಂದು ಮೂಲೆ ಉಜ್ಜಿ ನೋಡಿ. ಬೆಳ್ಳಗಿನ ಲೇಪದ ಕೆಳಗೆ ಹಳದಿ ಕಂಡರೆ ಹಿತ್ತಾಳೆ. ಒಳಗೂ ಬೂದು ಬಿಳಿ ಇದ್ದು ಕೈಗೆ ಹಗುರ ಅನಿಸಿದರೆ ಸತುವಿನ ಎರಕ. ನೋಡಲಿಕ್ಕೆ ಎರಡೂ ಅಣ್ಣತಮ್ಮಂದಿರು. ತುಂಬಾ ಮೆತ್ತಗೆ, ಉಗುರಿನಲ್ಲಿ ಗೀರು ಬೀಳುವ, ಕಾಗದದ ಮೇಲೆ ಗೆರೆ ಎಳೆಯುವ ಪೈಪ್ ಸಿಕ್ಕರೆ ಅದು ಸೀಸ, ಮುಟ್ಟಿದ ಮೇಲೆ ಕೈ ತೊಳೆಯಿರಿ. ತೊಲೆಗೆ ಹಳೇ ಬಣ್ಣ ಇದ್ದರೂ ಹುಷಾರು, ಅದರಲ್ಲೂ ಸೀಸ ಇರಬಹುದು. ಗ್ಯಾಸ್ ಹಿಡಿದರೆ ಆ ಹೊಗೆ ನೇರ ಎದೆಗೆ.

ಕಿಟಕಿ ಫ್ರೇಮನ್ನು ಮಾತ್ರ ಬಡಿದು ಮುದ್ದೆ ಮಾಡಬೇಡಿ. ಗಾಜು, ರಬ್ಬರ್, ಕಬ್ಬಿಣದ ಸ್ಕ್ರೂ ತೆಗೆದು ಫ್ರೇಮ್ ಬೇರೆ ಇಡಿ. ಹಾಗಿದ್ದರೆ ಅದು ಮತ್ತೆ ಫ್ರೇಮೇ ಆಗಬಹುದು. ಕುಕ್ಕರ್, ಇಂಜಿನ್ ತುಂಡುಗಳ ಜೊತೆ ಬೆರೆತರೆ ಎರಕದ ಮಾಲಿಗೆ ಮಾತ್ರ ಲಾಯಕ್ಕು. ಅಲ್ಯೂಮಿನಿಯಂ ಕರಗಿಸಲು ಅದಿರಿನಿಂದ ತೆಗೆಯುವುದರ ಶೇಕಡಾ 5ರಷ್ಟು ಶಕ್ತಿ ಸಾಕು. ಅದಕ್ಕೇ ಇದನ್ನು ಕಸದ ಲಾರಿಗೆ ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಸುಮ್ನೆಓದುಗ:
ವಿಷಯಕ್ಕೆ ಸ್ವಲ್ಪ ಆಚೆ. ರೋಮ್‌ನ ಕೊಲೋಸಿಯಂ ಗೋಡೆ ತುಂಬ ತೂತು ಇವೆಯಲ್ಲ, ಅವು ಕಲ್ಲುಗಳನ್ನು ಹಿಡಿದಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದಲ್ಲಿ ಜನ ಅಗೆದು ತೆಗೆದ ಗುರುತು. ತಕ್ಕಡಿಯವರ ಪೂರ್ವಜರು ಅಲ್ಲೂ ಇದ್ದರು ಅಂತಾಯಿತು, ಅಲ್ವಾ?

ತಕ್ಕಡಿ:
ಕಟ್ಟಡ ನಿಂತಿರುವಾಗ ನಾವು ಕಿತ್ತುಕೊಳ್ಳುವುದಿಲ್ಲ ಮಾರಾಯ್ರೇ!

ಹಳೇಗೋಡೆ:
ತೂಕ ಹಾಕಿದೆ. ಮೂರು ಕಡೆಯ ತುಂಡು: 790, 735, ಸ್ನಾನದ ಮನೆ ಕೆಳಗಿನದ್ದು 610. ಮೇಸ್ತ್ರಿಗೆ ತಕ್ಕಡಿ ತೋರಿಸಿದೆ, ಒಂದು ನಿಮಿಷ ಸುಮ್ಮನೆ ನೋಡಿ "ಹಾಗಾದರೆ ಕೊಟ್ಟುಬಿಡಿ" ಅಂದರು. ತೊಲೆ ಬಿಚ್ಚಿಸಿ ಪಕ್ಕಕ್ಕಿಟ್ಟಿದ್ದೇವೆ. ಗುಡ್ಡೆ ಈಗ ಐದಾಗಿದೆ. ಮೆಟ್ಟಿಲಿನ ಹೊಳೆಯುವ ಕಂಬಿ ಕಟಕಟೆ ಯಾವ ಗುಡ್ಡೆಗೆ ಅಂತ ಗೊತ್ತಾಗುತ್ತಿಲ್ಲ, ಅಯಸ್ಕಾಂತ ಹಿಡಿಯುತ್ತಿಲ್ಲ.

ತಕ್ಕಡಿ:
ಗ್ರೈಂಡರ್ ತಾಗಿಸಿ. ಕಿಡಿ ಹಾರಿದರೆ ಸ್ಟೇನ್‌ಲೆಸ್, ಅದಕ್ಕೆ ಆರನೇ ಗುಡ್ಡೆ ಮಾಡಿ. ಕಿಡಿಯೇ ಬರದಿದ್ದರೆ ಅಲ್ಯೂಮಿನಿಯಂ, ಕಿಟಕಿ ಪಕ್ಕ ಇಡಿ, ಆದರೆ ಅದರೊಳಗೆ ಬೆರೆಸಬೇಡಿ. ಮಿಶ್ರಲೋಹ ಬೇರೆ ಇರಬಹುದು. ಕನ್ನಡಕ ಹಾಕಿಕೊಂಡು ಮಾಡಿ.